ಸ್ಲೇಟು ಕಂಪ್ಯೂಟರಿನ ತಪ್ಪು ಮೊತ್ತ

ಒಂದರಿಂದ ಹತ್ತರವರೆಗಿನ ಸಂಖ್ಯೆಗಳನ್ನು ಕೂಡಿದರೆ ನಲವತ್ತೈದು ಬರುತ್ತದೆ. ಇದು ದಕ್ಷಿಣ ವಲಯ ಗಣಕ ಶಿಕ್ಷಣ ಪರಿಷತ್ತಿನ ಕೈಪಿಡಿಯಲ್ಲಿ ಅಚ್ಚಾಗಿರುವ ಮಾದರಿ ಉತ್ತರ. ಪುಟ್ಟೇನಹಳ್ಳಿಯ ನಮ್ಮ ಪ್ರೌಢಶಾಲೆಯಲ್ಲಿ ಇದರ ಬಗ್ಗೆ ಎಂದೂ ತಕರಾರು ಬಂದಿರಲಿಲ್ಲ. ಕಂಪ್ಯೂಟರ್ ವಿಷಯವಿತ್ತು, ಕಂಪ್ಯೂಟರ್ ಇರಲಿಲ್ಲ. ಆದ್ದರಿಂದ ಪ್ರಾಯೋಗಿಕ ಪರೀಕ್ಷೆಯನ್ನು ಕಾಗದದ ಮೇಲೆಯೇ ನಡೆಸುತ್ತಿದ್ದೆವು. ಪ್ರೋಗ್ರಾಮ್ ಬರೆದು, ಕೆಳಗೆ ನಲವತ್ತೈದು ಎಂದು ಬರೆದು, ಸುತ್ತ ಒಂದು ಚೌಕ ಎಳೆದರೆ ಅದನ್ನು ಪರದೆ ಎಂದು ಪರಿಗಣಿಸಲಾಗುತ್ತಿತ್ತು. ಚೌಕದ ಮೂಲೆಗಳನ್ನು ಗುಂಡಗೆ ಮಾಡಿದವರಿಗೆ ಒಂದು ಅಂಕ ಹೆಚ್ಚು.

2004ರಲ್ಲಿ ಈ ವ್ಯವಸ್ಥೆಗೆ ಧಕ್ಕೆ ಬಂತು. ಜೆ.ಪಿ. ನಗರದ ಸೇವಾ ಸಂಘವೊಂದು ಶಾಲೆಗೆ ಒಂದು ಟ್ಯಾಬ್ಲೆಟ್ ಕಂಪ್ಯೂಟರ್ ದಾನ ಮಾಡಿತು. ಸ್ಲೇಟಿನಂತೆ ಕೈಯಲ್ಲಿ ಹಿಡಿದು, ಕಡ್ಡಿಯಿಂದ ಒತ್ತುವಂಥದ್ದು. ಸಿಲೆಬಸ್ಸಿನಲ್ಲಿದ್ದದ್ದು ಬೇಸಿಕ್ ಎಂಬ ಭಾಷೆ, ಮೇಜಿನ ಮೇಲೆ ಕೂರುವ ದೊಡ್ಡ ಕಂಪ್ಯೂಟರುಗಳಿಗೆಂದು ಮಾಡಿದ್ದು. ಅದು ಸ್ಲೇಟಿನಲ್ಲಿ ನಡೆಯುವುದಿಲ್ಲ ಎಂದು ಮಾರಿದವರೇ ಹೇಳಿದ್ದರು. ಕಂಪ್ಯೂಟರ್ ಮೇಷ್ಟ್ರು ಸೋಮನಾಥ್ ಮತ್ತು ಹತ್ತನೆಯ ತರಗತಿಯ ಲಿಖಿತಾ ದಸರಾ ರಜೆಯೆಲ್ಲ ಕೂತು ಅದನ್ನು ನಡೆಸಿಯೇ ಬಿಟ್ಟರು. ಸೋಮನಾಥ್ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದರು. ನಾನೂ ಕುಡಿದೆ.

ಯಂತ್ರ ಬಂದ ಮೇಲೆ ಯಂತ್ರದಲ್ಲೇ ಪರೀಕ್ಷೆ ಎಂದಾಯಿತು. ಪರಿಷತ್ತಿನ ನಿಯಮದಂತೆ ಪ್ರಾಯೋಗಿಕದಲ್ಲಿ ಫೇಲಾದವರು ಬೇರೆ ಯಾವ ಪರೀಕ್ಷೆಗೂ ಕೂರುವಂತಿಲ್ಲ. ಒಂದು ವರ್ಷ ಹೋದಂತೆಯೇ. ಇದ್ದದ್ದು ಒಂದೇ ಯಂತ್ರ. ಅದನ್ನು ಬಲ್ಲವಳೆಂದು ಲಿಖಿತಾಳನ್ನು ಮೊದಲು ಕರೆದರು. ಅವಳು ಪ್ರೋಗ್ರಾಮ್ ಬರೆದು ಕಡ್ಡಿ ಒತ್ತಿದಳು. ಐವತ್ತೈದು ಬಂತು.

ಪರೀಕ್ಷಕ ರಾಮಪ್ರಸಾದ ಅವರು ಪರದೆ ನೋಡಿದರು, ಕೈಪಿಡಿ ನೋಡಿದರು.

“ಮಷೀನು ತಪ್ಪು ಹೇಳ್ತಾ ಇದೆ.”

“ಇಲ್ಲ ಸಾರ್, ಬೆರಳಲ್ಲಿ ಎಣಿಸಿದ್ರೂ ಐವತ್ತೈದೇ ಬರುತ್ತೆ.”

“ಬೆರಳು ಸಿಲೆಬಸ್ಸಲ್ಲಿ ಇಲ್ಲಮ್ಮ.”

ಕಾರಣವನ್ನು ಅವರು ಬೇಗನೆ ಪತ್ತೆಮಾಡಿದರು. ಮೇಜಿನ ಭಾಷೆಯನ್ನು ಕೈಯಲ್ಲಿ ಹಿಡಿದು ನಡೆಸಿದ್ದರಿಂದ ಲೆಕ್ಕ ಅಲುಗಾಡಿದೆ.

“ತುಂಬಿದ ಪಾತ್ರೆ ಹಿಡ್ಕೊಂಡು ನಡೆದ್ರೆ ತುಳುಕಲ್ವೇನ್ರಿ?”

“ತುಳುಕಿದ್ರೆ ಕಮ್ಮಿ ಆಗ್ಬೇಕಲ್ವಾ ಸಾರ್? ಇದು ಹತ್ತು ಜಾಸ್ತಿ ಆಗಿದೆ,” ಎಂದರು ಸೋಮನಾಥ್.

“ನೀವು ಸುಮ್ನಿರಿ ಮೇಷ್ಟ್ರೇ. ನಿಮ್ಮಿಂದ್ಲೇ ಇದೆಲ್ಲ ಆಗಿದ್ದು.”

ಯಂತ್ರವನ್ನು ಮೇಜಿನ ಮೇಲಿಟ್ಟರು. ಐವತ್ತೈದು. ಮೇಜಿನ ಒಂದು ಕಾಲು ಗಿಡ್ಡವಿತ್ತು; ಕಾಗದ ಮಡಿಸಿ ಅಡಿಗಿಟ್ಟರು. ಐವತ್ತೈದು. ಮೇಲಂತಸ್ತಿನಲ್ಲಿ ಕೆಲಸ ಮಾಡುತ್ತಿದ್ದ ಗಾರೆಯವನನ್ನು ಕರೆಸಿ ರಸಮಟ್ಟ ಇಡಿಸಿದರು. ಗುಳ್ಳೆ ನಡುವೆ ನಿಂತಿತು. “ಮಟ್ಟ ಸರಿಯಾಗೈತೆ ಸಾರ್, ಇನ್ನು ಅದರ ಹಣೆಬರಹ,” ಎಂದು ಅವನು ಹೊರಟ. ಮುಖ್ಯೋಪಾಧ್ಯಾಯರು ಅವನನ್ನು ವಾಪಸು ಕರೆದು, ಯಂತ್ರವನ್ನು ಕಡಪ ಕಲ್ಲಿನ ಮೇಲೆ ಸಿಮೆಂಟಿನಿಂದ ಕೂರಿಸಲು ಹೇಳಿದರು. ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: “ಸಿಮೆಂಟು ಗಟ್ಟಿಯಾಗುವವರೆಗೆ ಪ್ರಾಯೋಗಿಕ ಪರೀಕ್ಷೆಯನ್ನು ಮುಂದೂಡಲಾಗಿದೆ. ಕಂಪ್ಯೂಟರಿಗೆ ನೀರು ಹಾಕುವವರು ಪರದೆಯನ್ನು ಬಿಟ್ಟು ಹಾಕತಕ್ಕದ್ದು.”

ಸಿಮೆಂಟು ಗಟ್ಟಿಯಾಯಿತು. ಉತ್ತರ ಐವತ್ತೈದೇ ಆಗಿತ್ತು.

“ಸಾರ್, ಕೈಪಿಡಿನೇ ತಿದ್ದಿಸಬಹುದಲ್ವಾ?” ಎಂದು ಸೋಮನಾಥ್ ರಾಮಪ್ರಸಾದ ಅವರನ್ನು ಮೆಲ್ಲಗೆ ಕೇಳಿದರು.

“ತಿದ್ದಿದ್ರೆ ಇಷ್ಟು ವರ್ಷ ನಲವತ್ತೈದು ಬರೆದು ಪಾಸಾದವರೆಲ್ಲ ಫೇಲಾಗ್ತಾರೆ. ಅವರಲ್ಲಿ ಕೆಲವರು ಈಗ ಪರಿಷತ್ತಲ್ಲೇ ಕೆಲಸಕ್ಕಿದ್ದಾರೆ. ಅವರ ಸಂಸಾರದ ಗತಿ?”

ನಾನು ಗಣಿತದ ಮೇಷ್ಟ್ರಾದ್ದರಿಂದ ಈ ವಿಷಯದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ.

ಲಿಖಿತಾಳ ತಾಯಿ ಶರಣಮ್ಮನನ್ನು ಕರೆಸಿದರು. ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆಗಿದ್ದ ಆಕೆ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು.

“ಸರ, ನಮ್ಮ ಹುಡುಗಿ ಕೂಡ್ಸಿದ್ದು ಖರೇ ಐತೋ ಇಲ್ಲೋ?”

“ನಿಜ ಇದೆ ಅಮ್ಮ. ಆದ್ರೆ ಸರಿ ಇಲ್ಲ,” ಎಂದರು ರಾಮಪ್ರಸಾದ ಅವರು.

ಶರಣಮ್ಮ ಕಲ್ಲನ್ನೂ ಅದರಲ್ಲಿ ಹೂತಿದ್ದ ಯಂತ್ರವನ್ನೂ ನೋಡಿದರು. “ಹಂಗಾರ ನಲವತ್ತೈದ ಬರೂ ಹಂಗ ಮಾಡವ್ವ ಲಿಖಿತಾ. ವರ್ಷ ಹೋದ್ರ ಯಾರ ತಂದ ಕೊಡ್ತಾರ?”

“ಅಮ್ಮಾ, ಅದು ಸುಳ್ಳಲ್ವಾ?”

“ಸುಳ್ಳ ಅವರದು. ವರ್ಷ ನಮ್ಮದು.”

ಲಿಖಿತಾ ಹತ್ತನ್ನು ಅಳಿಸಿ ಒಂಬತ್ತು ಮಾಡಿದಳು. ನಲವತ್ತೈದು ಬಂತು. ರಾಮಪ್ರಸಾದ ಅವರು ಬಗ್ಗಿ ನೋಡಿ ಬೇಸರಪಟ್ಟರು. “ಪ್ರಶ್ನೆಯಲ್ಲಿ ಹತ್ತು ಅಂತಿದೆ. ಮೋಸ ಮಾಡ್ಬಾರ್ದು ಮಗು.”

ಅವಳು ಕೂಡುವ ಸಾಲುಗಳನ್ನೆಲ್ಲ ಅಳಿಸಿದಳು. ‘45 ಎಂದು ತೋರಿಸು’ ಎಂಬ ಆಜ್ಞೆಯನ್ನು ಮಾತ್ರ ಬರೆದು ಕಡ್ಡಿ ಒತ್ತಿದಳು. ಯಂತ್ರ ತಡಮಾಡದೆ 45 ಎಂದು ತೋರಿಸಿತು.

“ನೋಡಿದ್ರಾ? ಈಗ ಹಿಡೀತು ಸಿಮೆಂಟು,” ಎಂದು ರಾಮಪ್ರಸಾದ ಅವರು ಪೂರ್ತಿ ಅಂಕ ಕೊಟ್ಟರು.

ಉಳಿದ ಮಕ್ಕಳೂ ಇದೇ ಕ್ರಮವನ್ನು ಅನುಸರಿಸಿದ್ದರಿಂದ ಪರೀಕ್ಷೆ ಊಟದ ಬೆಲ್ಲಿಗೆ ಮೊದಲೇ ಮುಗಿಯಿತು. ಮೇಜಿನ ಭಾಷೆಯನ್ನು ಸ್ಲೇಟಿನಲ್ಲಿ ನಡೆಸಿದ್ದಕ್ಕಾಗಿ ಸೇವಾ ಸಂಘ ಶಾಲೆಗೆ ಫಲಕ ಕೊಟ್ಟಿತು. ಕೋಣನಕುಂಟೆಯಿಂದಲೂ ಮೇಷ್ಟ್ರುಗಳು ಬಂದು ನೋಡಿ, ಕಲ್ಲಿನ ಅಳತೆ ಬರೆದುಕೊಂಡು ಹೋದರು.

ಮುಂದೆ ಗಣಿತದ ಪೂರ್ವಸಿದ್ಧತಾ ಪರೀಕ್ಷೆ. ಕೊಠಡಿಯಲ್ಲಿ ನಾನೇ ಇದ್ದೆ. ಲಿಖಿತಾ ಎದ್ದು ನಿಂತಳು.

“ಸಾರ್, ಒಂದರಿಂದ ಹತ್ತರವರೆಗಿನ ಮೊತ್ತ ಕೇಳಿದ್ದಾರೆ. ಗಣಿತದ್ದಾ, ಕಂಪ್ಯೂಟರ್‌ದಾ?”

ಅವಳ ಮುಖದಲ್ಲಿ ನಗುವಿರಲಿಲ್ಲ. ನ್ಯಾಯವಾದ ಪ್ರಶ್ನೆ. ನನ್ನ ಮಟ್ಟದಲ್ಲಿ ತೀರ್ಮಾನಿಸುವಂಥದ್ದಲ್ಲವಾದ್ದರಿಂದ ಮುಖ್ಯೋಪಾಧ್ಯಾಯರಿಗೆ ಹೇಳಿ ಕಳಿಸಿದೆ. ಅವರು ಬಂದು, ಪ್ರಶ್ನೆಪತ್ರಿಕೆಯ ಮೇಲಿದ್ದ ವಿಷಯದ ಹೆಸರನ್ನು ಎರಡು ಸಲ ಓದಿ, “ಗಣಿತದ್ದು” ಎಂದು ಘೋಷಿಸಿದರು.

“ಥ್ಯಾಂಕ್ಸ್ ಸಾರ್,” ಎಂದು ಲಿಖಿತಾ ಕೂತಳು. ಉಳಿದವರೆಲ್ಲ ತಾವು ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯತೊಡಗಿದರು.