ಬಿಸಿ ಚಹಾಕ್ಕೆ ಬರುವ ಮಾವನವರು

ನನ್ನ ಅತ್ತೆ ಗುರಮ್ಮನವರು ಅಳಿಯನನ್ನು ಹೊಗಳಿದ್ದನ್ನು ಕೇಳಿದವರು ಈ ಭೂಮಂಡಲದಲ್ಲಿ ಯಾರೂ ಇಲ್ಲ. ಮದುವೆಯಾಗಿ ಮೂವತ್ತು ವರ್ಷ ದಾಟಿತು. ನಾನು ಕೊಟ್ಟ ಸೀರೆಗೆ ಅಂಚು ಸಣ್ಣದು, ತಂದ ಪೇಢೆಗೆ ಸಕ್ಕರೆ ಹೆಚ್ಚು. ಮಾಸ್ತರಿಕೆಯಿಂದ ನಿವೃತ್ತನಾಗಿ ಮನೆಯಲ್ಲೇ ಕೂತಿರುವ ನನಗೆ, ಆ ಬಾಯಿಂದ ಒಂದು ‘ಚಲೋ’ ಅನ್ನಿಸಿಕೊಳ್ಳಲೇಬೇಕೆಂಬ ಭೀಷ್ಮಪ್ರತಿಜ್ಞೆ ಹುಟ್ಟಿತು.

ಯುಗಾದಿಗೆ ಅತ್ತೆ ಭಾಲ್ಕಿಯಿಂದ ಬೀದರಿನ ನಮ್ಮ ಮನೆಗೆ ಬರುವವರಿದ್ದರು. ನನ್ನ ಹೆಂಡತಿ ಕಸ್ತೂರಿಬಾಯಿಯ ಟ್ರಂಕಿನಲ್ಲಿ ಮಾವ ಮಡೆಪ್ಪನವರ ಹಳೇ ಫೋಟೋ ಇತ್ತು. ಎಪ್ಪತ್ತೆರಡರ ಬರದಲ್ಲಿ ಹೈದರಾಬಾದಿಗೆ ದುಡಿಯಲು ಹೋದಾಗ ಸ್ಟುಡಿಯೋದಲ್ಲಿ ತೆಗೆಸಿದ್ದು. ತಲೆಗೆ ಸ್ವಂತ ರುಮಾಲು, ಮೈಗೆ ಸ್ಟುಡಿಯೋದವನ ಕೋಟು (ತೋಳು ಗಿಡ್ಡ). ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಫೋಟೋವೂ ಮಾಸುತ್ತಾ ಬಂದಿತ್ತು. ಅದನ್ನು ಫೋಟೋ ಅಂಗಡಿಯ ಅಯ್ಯುಬನ ಹತ್ತಿರ ಒಯ್ದೆ.

“ಚಾ ಕುಡಿಯೋ ಮಗ್ಗಿನ ಮ್ಯಾಲ ಛಾಪಸ್ರಿ, ಮಾಸ್ತರ ಸಾಬ” ಎಂದ. “ಜಾದೂ ಮಗ್ಗು ಅದರಿ. ಥಂಡಾ ಇದ್ದಾಗ ಬರೇ ಕರೀದು. ಗರಂ ಚಾ ಹಾಕ್ರಿ, ನಿಮ್ ಮಾವ ಹಾಜರ್!”

ಹಬ್ಬದ ಬೆಳಗ್ಗೆ ಮಗ್ಗನ್ನು ಅತ್ತೆಯ ಮುಂದಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ವರ್ಷದ ಹಬ್ಬಕ್ಕ ಕರೀ ಮಗ್ಗು ಕೊಡ್ತಾರೇನ್ರಿ ಅಳಿಯಾರ?”

“ಸೀರಿ ತರ್ರಿ ಅಂತ ಬಡ್ಕೊಂಡೆ” ಎಂದಳು ಕಸ್ತೂರಿ. “ನಿಮ್ಮ ತಲಿ ಓಡ್ಲಿಕತ್ತದಂದ್ರ ನಂಗ ಅಂಜಿಕಿನೇ ಬರ್ತದ.”

“ಜರಾ ತಡಿ” ಎಂದು ಕುದಿಯುವ ಚಹಾ ಸುರಿದೆ. ಮೊದಲು ಕೋಟು, ಆಮೇಲೆ ಮೀಸೆ, ಕೊನೆಗೆ ರುಮಾಲು. ಮಾವನವರು ಸಾಕ್ಷಾತ್ ಪ್ರತ್ಯಕ್ಷರಾದರು!

ಅತ್ತೆ ಥಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ಚಹಾ ಆರುವ ತನಕ ಆ ಮುಖವನ್ನೇ ನೋಡುತ್ತಾ ಕೂತರು. ಮಾವ ನಿಧಾನಕ್ಕೆ ಮಗ್ಗಿನ ಕಪ್ಪು ಬಣ್ಣದೊಳಗೆ ಕರಗತೊಡಗಿದಾಗ ನಾನು ಇನ್ನಷ್ಟು ಬಿಸಿ ಸುರಿಯಲು ಹೋದೆ.

“ಬ್ಯಾಡ್ರಿ, ಹೋಗ್ಲಿ” ಎಂದರು. “ಬರದಾಗೂ ಹಿಂಗೇ. ತಿಂಗಳಿಗೊಮ್ಮಿ ಹೈದ್ರಾಬಾದ್ ಗಾಡಿಗಿ ಬರ್ತಿದ್ರು. ಮನಿ ತುಂಬ ಹಿರೇರು, ಮಾತಾಡ್ಲಿಕ್ಕ ನಾಚಿಕಿ. ಚಾ ಕೊಟ್ಟು ಬಾಗಿಲ ಹಿಂದ ನಿಂತು ಮಾರಿ ನೋಡ್ತಿದ್ದೆ. ಚಾ ತೀರಿದ್ರ ಹೊಂಟ್ರು. ಅದಕ್ಕೇ ಪಾಪ, ಸಾವಕಾಶ ಕುಡೀತಿದ್ರು.”

ಕಸ್ತೂರಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಗ ಅತ್ತೆ ಅಂದರು, “ಚಲೋ ಮಾಡೀರಿ, ಅಳಿಯಾರ.”

ಇಲ್ಲಿಗೇ ಕಥೆ ಮುಗಿದಿದ್ದರೆ ನಾನು ಭಾಗ್ಯವಂತ. ಹಬ್ಬ ಮುಗಿಸಿ ಹೊರಡಬೇಕಿದ್ದ ಅತ್ತೆ ಹೊರಡಲಿಲ್ಲ. ಮುಂಜಾನೆ, ಮಧ್ಯಾಹ್ನ, ಸಂಜೆ, “ಅಳಿಯಾರ, ಅವರು ಬರೋ ಹೊತ್ತಾತು ನೋಡ್ರಿ!” ಕಸ್ತೂರಿಗೆ ಮನೆಗೆಲಸ, ಅತ್ತೆಗೆ ಮೊಣಕಾಲು ನೋವು. ಮಾವನವರನ್ನು ಬರಮಾಡಿಕೊಳ್ಳುವ ಖಾತೆ ನಿವೃತ್ತನಾದ ನನ್ನ ಪಾಲಿಗೆ.

ಅಷ್ಟೇ ಅಲ್ಲ. ಗಂಡನ ಮುಖಕ್ಕೆ ಬಾಯಿಟ್ಟು ಎಂಜಲು ಮಾಡುವುದುಂಟೇ? ಅತ್ತೆ ಆ ಚಹಾ ಮುಟ್ಟುತ್ತಿರಲಿಲ್ಲ. ಮಾವ ಪೂರ್ತಿ ಮಾಯವಾದ ಮೇಲೆ ಮಗ್ಗು ನನ್ನ ಕೈಗೆ ಬರುತ್ತಿತ್ತು.

“ಚೆಲ್ಲಬ್ಯಾಡ್ರಿ, ಹಿರೇರ ಪ್ರಸಾದ.”

“ಕುಡೀರಿ, ಕುಡೀರಿ” ಎಂದು ಕಸ್ತೂರಿ ತಾನು ಮಾತ್ರ ಬಿಸಿ ಚಹಾವನ್ನು ಬಸಿಗೆ ಸುರಿದು ಸೊರ್ರೆಂದು ಎಳೆಯುತ್ತಿದ್ದಳು.

ಕೆನೆಗಟ್ಟಿದ ತಣ್ಣನೆಯ ಪ್ರಸಾದ ಕುಡಿದು ಕುಡಿದು ಹುಳಿತೇಗು ಹತ್ತಿತು. ಮತ್ತೆ ಅಯ್ಯುಬನಲ್ಲಿಗೆ ಓಡಿದೆ. ಈ ಸಲ ಸಾದಾ ಬಿಳಿ ಮಗ್ಗು. ಬಿಸಿ ಇರಲಿ ಬಿಡಲಿ, ಮಾವ ಹಗಲೂ ರಾತ್ರಿ ಹಾಜರು.

“ಇನ್ನ ಚಾ ಬ್ಯಾಡ, ಒಲಿ ಬ್ಯಾಡ್ರಿ ಅತ್ತಿ” ಎಂದು ಗೆದ್ದವನಂತೆ ಮಂಚದ ಮೇಲೆ ಕಾಲು ಚಾಚಿದೆ. “ಮಾವ ಎಲ್ಲಿಗೂ ಹೋಗಂಗಿಲ್ಲ.”

ಅತ್ತೆ ಆ ಮಗ್ಗನ್ನು ನೋಡಿದರು. ಮಂಚದ ಮೇಲಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಗ್ಗನ್ನು ದೂರ ಸರಿಸಿದರು.

“ಇವರು ನಮ್ಮವರಲ್ರಿ. ಮುಂಜಾನಿಂದ ಸಂಜಿತನಾ ಮನ್ಯಾಗೇ ಬಿದ್ಕೊಂಡಿರೋ ಗಂಡ ನನ್ನ ಮಗಳಿಗಿ ಸಿಕ್ಕಾನ, ನನಗಲ್ಲ.”

ಕಸ್ತೂರಿ ಬಾಯಿಗೆ ಸೆರಗು ಒತ್ತಿ ನಗುತ್ತಾ ಬಂದು ಕರೀ ಮಗ್ಗನ್ನು ನನ್ನ ಕೈಗಿಟ್ಟಳು.

“ಏಳ್ರಿ, ಒಲಿ ಹಚ್ರಿ. ಅಪ್ಪ ಬರೋ ಹೊತ್ತಾತು.”