ಹೂಂ ಅನ್ನಲೊಲ್ಲದ ವೀರಮಾರ್ತಂಡ ಮಹಾರಾಜರಿಗೆ

ಯಂಕಂಚಿಯ ನಾಟಕದಲ್ಲಿ ಸಿಂಹಾಸನಾರೂಢರಾಗಿ, ಕೆಳಗಿಳಿದ ಮೇಲೆ ಹಿಟ್ಟಿನ ಗಿರಣಿಯ ಮಾಲೀಕರಾಗಿ, ಮನೆ ಸೇರಿದ ಮೇಲೆ ನನ್ನ ಅಪ್ಪನಾಗಿ ಮೆರೆಯುತ್ತಿರುವ ಶ್ರೀಮನ್ಮಹಾರಾಜ ವೀರಮಾರ್ತಂಡ ಉರುಫ್ ಮೀರಾಸಾಬರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಿರೀಟ ಕ್ಷೇಮವೇ? ಅಂಟಿಸಿದ ಮೀಸೆ ಕಿತ್ತ ಜಾಗದ ಉರಿ ಆರಿತೇ? ನಾನು ಎದುರು ಬಂದರೆ ಸಾಕು, ತಾವು ಟವೆಲ್ ಕೊಡವಿ ಎದ್ದು ಹೋಗುವುದರಿಂದ ಈ ಪತ್ರವನ್ನು ತಮ್ಮ ಗಿರಣಿಯ ಬಾಗಿಲಿಗೇ ಅಂಟಿಸುತ್ತಿದ್ದೇನೆ. ಜೋಳ ಬೀಸಿಸಲು ಬಂದವರು ಸರದಿ ಬರುವ ತನಕ ಓದಿಕೊಳ್ಳಲಿ.

ಮೊನ್ನೆಯ ನಾಟಕ ನೋಡಿ ಬಂದ ಮೇಲೆ ನನ್ನ ಕಾಲು ಇನ್ನೂ ನೆಲಕ್ಕೆ ತಾಗಿಲ್ಲ. ಎಂಟುನೂರು ವರ್ಷದ ಹಿಂದಿನ ಕಥೆಯಂತೆ: ರಾಜಕುಮಾರಿ ಕುದುರೆ ಲಾಯದ ಹುಡುಗನನ್ನು ಮೆಚ್ಚುತ್ತಾಳೆ, ರಾಜ ಒಪ್ಪುವುದಿಲ್ಲ, ಹುಡುಗನ ತಲೆ ಹೋಗುತ್ತದೆ, ಆಕೆ ವಿಷ ಕುಡಿಯುತ್ತಾಳೆ, ರಾಜ ಹೆಣದ ಮೇಲೆ ಬಿದ್ದು ಹೊರಳಾಡುತ್ತಾನೆ. ಆಹಾ, ತಾವು ಗರ್ಜಿಸಿದ ರಭಸಕ್ಕೆ ಸಿಂದಗಿಯಿಂದ ಟಂಟಂ ಗಾಡಿ ಹತ್ತಿ ಬಂದವರು ಕೂಡ ಕೈಯಲ್ಲಿದ್ದ ಚುನಮರಿಯನ್ನು ಬಾಯಿಗೆ ಒಯ್ಯುವುದು ಮರೆತರು! ತಲೆ ಕಡಿಸಿಕೊಂಡ ಹುಡುಗನಂತೂ ಸೊಳ್ಳೆ ಕಚ್ಚಿದಲ್ಲಿ ತುರಿಸಿಕೊಂಡು, ಜನ ‘ಒನ್ಸ್ ಮೋರ್’ ಎಂದು ಕೂಗಿದಾಗ ಎದ್ದು ಕೂತು ಇನ್ನೊಮ್ಮೆ ಹಾಡಿ, ಶಿಸ್ತಾಗಿ ಮತ್ತೆ ಸತ್ತ. ತಮ್ಮ ರಾಜ್ಯದಲ್ಲಿ ಹೆಣಗಳಿಗೂ ಇಷ್ಟು ವಿಧೇಯತೆ ಇದೆ.

ಈಗ ದೂರು. ತಮ್ಮ ಮಂತ್ರಿಯ ಪಾರ್ಟು ಮಾಡಿದ ಮಶಾಕಸಾಬರ ಮಗ ತೌಸಿಫ ಬಸವನ ಬಾಗೇವಾಡಿಯಲ್ಲಿ ಲೈನ್‌ಮನ್ ಆಗಿರುವುದೂ, ನಾವಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿರುವುದೂ, ಅವರ ಮನೆಯವರು ಹೆಣ್ಣು ಕೇಳಲು ಬಂದಾಗ ತಾವು ಚಹಾ ಕೂಡ ಕುಡಿಸದೆ ಕಳಿಸಿದ್ದೂ ಊರಿಗೆಲ್ಲ ಗೊತ್ತು. ಹುಡುಗನಲ್ಲಿ ಎಳ್ಳಷ್ಟೂ ದೋಷವಿಲ್ಲ. ರಾಜನ ಪಾರ್ಟು ತನಗೆ ಸಿಗಲಿಲ್ಲವೆಂಬ ಹೊಟ್ಟೆಕಿಚ್ಚಿಗೆ ಅವನಪ್ಪ ತಾಲೀಮಿನಲ್ಲಿ ಎಲ್ಲರೆದುರು, “ಮೀರಾಸಾಬ ಖಡ್ಗ ಹಿಡದ್ರ ಗಿರಣ್ಯಾಗ ಹಿಟ್ಟ ಬಳದಂಗ ಕಾಣ್ತೈತಿ” ಎಂದದ್ದೇ ಕಾರಣ. ಅವರು ಪೂರ್ತಿ ಸುಳ್ಳು ಹೇಳಿದರೆಂದು ನಾನೂ ಎದೆ ಮುಟ್ಟಿಕೊಂಡು ಹೇಳಲಾರೆ, ಮಾನ್ಯರೇ.

ಆದರೂ ಮೊನ್ನೆ ದರಬಾರಿನ ದೃಶ್ಯದಲ್ಲಿ, ಲಾಯದ ಹುಡುಗನ ಪರವಾಗಿ ಎರಡು ಮಾತಾಡಿ ಹಿಂದೆ ಸರಿಯಬೇಕಿದ್ದ ಅದೇ ಮಶಾಕಸಾಬ ಮಂತ್ರಿಗಳು ಮೈಕಿನ ಮುಂದೆ ಮಂಡಿಯೂರಿ, “ಪ್ರಭು, ಹುಡುಗ ಲೈನ್‌ಮನ್ ಅದಾನ್ರಿ, ಕಾಯಂ ನೌಕರಿ ಐತಿ, ಕುಡಿಯಂಗಿಲ್ಲ, ನಾ ಅಂದದ್ದ ಮರತಬಿಡ್ರಿ, ಹುಡುಗೀನ ಕೊಡ್ರಿ” ಎಂದು ನಿಜವಾದ ಕಣ್ಣೀರು ಹಾಕಿದರು. ಕರೆಂಟೇ ಇಲ್ಲದ ರಾಜ್ಯದಲ್ಲಿ ಲೈನ್‌ಮನ್ನನಿಗೇನು ಕೆಲಸ ಎಂದು ಒಬ್ಬರೂ ಕೇಳಲಿಲ್ಲ. ಮುಂದೆ ಕೂತಿದ್ದ ಗುರವ್ವಜ್ಜಿ ಎದ್ದು ನಿಂತು, “ಹೂಂ ಅನ್ರಿ ಮೀರಾಸಾಬ್ರ, ಹೂಂ ಅಂದ್ರ ಹಲ್ಲೇನ ಉದರಂಗಿಲ್ಲ!” ಎಂದಳು. ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುತ್ತಿದ್ದ ಬಸಂತರಾಯ ಮಾಸ್ತರರು ಸಹ, “ಅಂದಬಿಡ್ರಿ, ಮುಂದಿಂದು ನಾ ನೋಡ್ಕೋತೇನಿ” ಎಂದದ್ದು ಮೈಕಿನಲ್ಲಿ ಊರಿಗೇ ಕೇಳಿತು. ತಾವು ಮಾತ್ರ ಎತ್ತಿದ ಖಡ್ಗ ಇಳಿಸದೆ, “ಕಡಿಯಿರಿ ಅವನ ಶಿರವನ್ನು!” ಎಂದು ಬರೆದದ್ದನ್ನೇ ಒದರಿದಿರಿ. ಕಲೆಯ ಮೇಲೆ ಏನು ನಿಷ್ಠೆ, ಏನು ನಿಷ್ಠೆ! ನಾನು ನಕ್ಕು ನಕ್ಕು ಅತ್ತೆ. ಅವ್ವ ನನ್ನ ತೊಡೆ ಚಿವುಟಿ “ಸುಮ್ಕಿರ” ಎಂದು ಗದರಿಸಿ, ತಾನೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆದಕಾರಣ ಸನ್ನಿಧಾನದಲ್ಲಿ ಬೇಡಿಕೊಳ್ಳುವುದೇನೆಂದರೆ, ಹುಡುಗನ ತಲೆಯನ್ನು ಅರಮನೆಯ ಖರ್ಚಿನಲ್ಲೇ ಮರಳಿ ಜೋಡಿಸಬೇಕು. ರಾಜಕುಮಾರಿಯ ವಿಷದ ಬಟ್ಟಲಿಗೆ ಇನ್ನು ಮೇಲೆ ಲಿಂಬು ಶರಬತ್ತನ್ನೇ ತುಂಬಬೇಕು (ಈಗಲೂ ತುಂಬುವುದು ಅದನ್ನೇ, ಆದರೆ ಸಕ್ಕರೆ ಕಡಿಮೆ ಎಂದು ಇಂಡಿ ಊರಿಂದ ಬಂದಿದ್ದ ನಟಿಯೇ ಹೇಳಿದ್ದಾಳೆ). ಆ ರಾಜ್ಯಕ್ಕೆ ತುರ್ತಾಗಿ ಕಂಬ ನೆಡಿಸಿ, ತಂತಿ ಎಳೆಸಿ, ಒಬ್ಬ ಲೈನ್‌ಮನ್ನನನ್ನು ನೇಮಿಸಬೇಕು. ಮತ್ತು ಹೂವಿನ ಹಿಪ್ಪರಗಿಯಲ್ಲಿ ನಾಟಕ ಆಡುವಾಗ ಸಿಂಹಾಸನವನ್ನು ಮಶಾಕಸಾಬರಿಗೆ ಬಿಟ್ಟುಕೊಡಬೇಕು. ಈ ಕೊನೆಯದು ಆಗದ ಮಾತು, ನನಗೂ ಗೊತ್ತು, ಬಿಟ್ಟುಬಿಡಿ. ಆದರೆ ನನಗೆ ತೌಸಿಫನೇ ಬೇಕು. ಓಡಿಹೋಗುವುದು ನನ್ನಿಂದಾಗದು, ವಿಷದ ಮಾತಂತೂ ದೂರವೇ ಉಳಿಯಿತು. ತಾವು ಬಂದು ಕೂರದ ನಿಕಾಹ್‌ನಲ್ಲಿ ನಾನು ತಲೆ ಎತ್ತಿ ಕೂರಲಾರೆ, ಅಪ್ಪಾ.

ತಮ್ಮ ಬಡಪ್ರಜೆಯೂ, ದಿನಾ ತಮಗೆ ಬಿಸಿ ರೊಟ್ಟಿ ಬಡಿದು ಹಾಕುವವಳೂ ಆದ
ತಮ್ಮ ವಿಶ್ವಾಸಿ,
ಸಿದ್ದೀಕಾ

ತಾ.ಕ.: ಮೇಲೆ ಒಂದು ವಿಷಯ ಬರೆಯದೆ ಉಳಿಸಿಕೊಂಡಿದ್ದೇನೆ. ನಾಟಕದ ರಾಜಕುಮಾರಿಯ ಹೆಸರು ಚಂದ್ರಪ್ರಭೆ. ಆದರೆ ಆಕೆಯ ಹೆಣವನ್ನು ತಬ್ಬಿಕೊಂಡು ಅಳುವಾಗ ತಾವು ಮೈಕಿನಲ್ಲಿ, “ಏಳವ್ವಾ ಸಿದ್ದೀಕಾ, ನೀ ಹೇಳಿದಂಗ ಆಗ್ಲಿ, ಏಳ ನನ್ನವ್ವಾ” ಎಂದಿರಿ. ಆ ಮಾತನ್ನು ಪರದೆಯ ಹಿಂದಿನಿಂದ ಹೇಳಿಕೊಟ್ಟದ್ದು ತಾನಲ್ಲವೆಂದು ಬಸಂತರಾಯ ಮಾಸ್ತರರು ಆಣೆ ಮಾಡುತ್ತಾರೆ. ಶುಕ್ರವಾರ ನಮಾಜು ಮುಗಿಸಿಕೊಂಡು ಬನ್ನಿರೆಂದು ಅವ್ವ ಆಗಲೇ ಮಂತ್ರಿಗಳ ಮನೆಗೆ ಹೇಳಿ ಕಳಿಸಿದ್ದಾಳೆ. ನಾನು ಎದ್ದಿದ್ದೇನೆ, ಮಹಾಪ್ರಭು. ಇನ್ನು ತಾವು ಮಾತಿಗೆ ತಪ್ಪುವಂತಿಲ್ಲ.