ಹಿಂದಕ್ಕೆ ಬರುವ ವಿದ್ಯೆ

ಗಂಗಾವತಿಯಲ್ಲಿ ಕಾರು ಕಲಿಸುವ ಕೆಲಸ ಹಿಡಿದ ಮೇಲೆ ನಗುವುದಕ್ಕೆ ನಾನು ಬೇರೆ ಕಡೆ ಹೋದವನಲ್ಲ. ಜನ ಸ್ಟೇರಿಂಗ್ ಹಿಡಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಒಬ್ಬ ಅಕ್ಕೋರು ಬಂದಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೇ ಅನ್ನುವುದು. ತಾವರಗೇರಾ ಆಚೆಯ ಹಳ್ಳಿಗೆ ವರ್ಗವಾಗಿತ್ತು, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಲೈಸೆನ್ಸ್ ಸಿಗದಿದ್ದರೆ ಗಂಡನನ್ನೂ ಪುಟ್ಟ ಮಗಳನ್ನೂ ಬಿಟ್ಟು ಅಲ್ಲೇ ಬಾಡಿಗೆಗೆ ಖೋಲಿ ಹಿಡಿಯಬೇಕು.

೧. ಬಾರದ ಬೇವಿನಗಿಡ

ಕಾರನ್ನು ಹಿಂದಕ್ಕೆ ತಂದು ಎಡಕ್ಕೆ ಹೊರಳಿಸಲು ನಾನು ಸುಲಭದ ದಾರಿ ಹೇಳಿಕೊಟ್ಟಿದ್ದೆ: "ಹಿಂದಿನ ಗಾಜಿನ್ಯಾಗ ಬೇವಿನಗಿಡ ಕಂಡ ಕೂಡ್ಲೇ ತಿರುವ್ರಿ." ಆ ಗಿಡವಿದ್ದ ನಮ್ಮ ಮೈದಾನದಲ್ಲಿ ಒಂದು ಸಲವೂ ತಪ್ಪಲಿಲ್ಲ.

ಟೆಸ್ಟ್ ಕೊಪ್ಪಳದಲ್ಲಿ, ಆರ್‌ಟಿಒ ಸಾಹೇಬರ ಮುಂದೆ. ಕಾರು ಹಿಂದಕ್ಕೆ ಹೊರಟಿತು, ಗೆರೆ ದಾಟಿತು, ಕಲ್ಲು ದಾಟಿತು. ಚಹಾದಂಗಡಿಯವನು ಸ್ಟೋವ್ ಎತ್ತಿಕೊಂಡು ಓಡಿದ.

"ಅಕ್ಕೋರ, ಎಲ್ಲಿಗೆ ಹೊಂಟೀರಿ?" ಸಾಹೇಬರು ಕೂಗಿದರು.

"ಇನ್ನಾ ಗಿಡ ಬಂದಿಲ್ರಿ!"

೨. ಗಂಡನ ಪಾಠ

ಅಕ್ಕೋರ ಗಂಡ ಟ್ರ್ಯಾಕ್ಟರ್ ಓಡಿಸಿ ಪಳಗಿದ ರೈತ. "ಗಿಡ ನೋಡಿ ಯಾರ ಗಾಡಿ ಹೊಡಿತಾರ? ಟ್ರ್ಯಾಲಿ ತಂದಂಗ ತರಬೇಕು. ಎಡಕ್ಕ ಹೋಗಬೇಕಂದ್ರ ಬಲಕ್ಕ ತಿರುವು," ಎಂದು ಮನೆಯಂಗಳದಲ್ಲೇ ಪಾಠ ಶುರುಮಾಡಿದ.

ನಾನು ಹೋಗುವಷ್ಟರಲ್ಲಿ ಅವರ ಕಾರು ಹುಲ್ಲಿನ ಬಣವೆಗೆ ನುಗ್ಗಿತ್ತು. "ಸರಿ, ನಾ ತೋರಸ್ತೀನಿ," ಎಂದು ಗಂಡ ತಾನೇ ಕೂತ. ಈ ಸಲ ಇನ್ನೂ ಒಳಕ್ಕೆ ಹೋಯಿತು.

ಆತ ಇಳಿದು ಮೈಮೇಲಿನ ಹುಲ್ಲು ಕೊಡವಿಕೊಂಡ. "ನಂದೇನ್ ತಪ್ಪಿಲ್ರಿ. ಈ ಕಾರಿಗೆ ಟ್ರ್ಯಾಲಿನೇ ಇಲ್ಲ!"

೩. ಸಾಹೇಬರ ಮನಸ್ಸು

ಅಕ್ಕೋರ ಮುಖ ಸಣ್ಣದಾಗಿತ್ತು. ಇನ್ನೊಮ್ಮೆ ಫೇಲಾದರೆ ಖೋಲಿಯೇ ಗತಿ. ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡು ಹೇಳಿದೆ: "ಟ್ರ್ಯಾಲಿಗೆ ನಡುವ ಕೊಂಡಿ ಐತಿ, ಅದಕ್ಕ ಉಲ್ಟಾ. ಕಾರಿಗೆ ಕೊಂಡಿ ಇಲ್ಲ. ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆನೇ ತಿರುವ್ರಿ. ಇಷ್ಟ ತಿಳಕೊಂಡ್ರ ಸಾಕು, ಯಾವ ಗಿಡಾನೂ ಬ್ಯಾಡ."

ಅಕ್ಕಿ ಗಿರಣಿಯ ಅಂಗಳದಲ್ಲಿ, ಕಲ್ಯಾಣ ಮಂಟಪದ ಹಿಂದೆ, ಶ್ರೀರಾಮನಗರದ ರಸ್ತೆ ಬದಿಯಲ್ಲಿ, ಹೀಗೆ ಜಾಗ ಬದಲಿಸಿ ಬದಲಿಸಿ ಮಾಡಿಸಿದೆ. ಎಲ್ಲ ಕಡೆಯೂ ಎಡಕ್ಕೇ, ಯಾಕೆಂದರೆ ಸಾಹೇಬರು ಯಾವಾಗಲೂ ಕೇಳುವುದು ಎಡಕ್ಕೆ.

ಎರಡನೇ ಟೆಸ್ಟಿನ ದಿನ ಅವರ ಮನಸ್ಸಿಗೆ ಏನು ಬಂತೋ, "ಇವತ್ತು ಬಲಕ್ಕ ಹಾಕ್ರಿ," ಎಂದುಬಿಟ್ಟರು. ಅಕ್ಕೋರು ಹಿಂದೆ ಹೊರಳಿ ನೋಡಿದರು, ಬಲಕ್ಕೆ ತಿರುವಿದರು. ಕಾರು ಗೆರೆಯೊಳಗೆ ಬಂದು ನಿಂತಿತು. ಪಾಸ್! ಗಂಡ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ನನಗೂ ಖುಷಿ ತಡೆಯಲಾಗಲಿಲ್ಲ. "ಭೇಷ್ ಅಕ್ಕೋರ! ಬಲಕ್ಕ ತರೋದು ನಾ ಒಮ್ಮೆನೂ ಕಲಿಸಿರಲಿಲ್ಲಲ್ರಿ!"

ಅಕ್ಕೋರ ಮುಖ ಬಿಳಚಿಕೊಂಡಿತು. "ಖರೇನ ಸರ? ಸದ್ಯ, ಮೊದ್ಲ ಹೇಳಲಿಲ್ಲ ನೀವು. ಗೊತ್ತಿದ್ರ ನನಗ ಬರತಿದ್ದಿಲ್ಲ!"